ಬಿದ್ದ ಮರದ ಮುಂದೆ ಆತುರ ಬೇಡ

ಮೂಡಿಗೆರೆ, ಕಳಸದ ತೋಟಗಳಲ್ಲಿ ಮಳೆಗಾಳಿಗೆ ಸಿಲ್ವರ್ ಓಕ್ ಉರುಳಿದೊಡನೆ ಗರಗಸ ಹಿಡಿಯಬೇಡಿ. ನೆಲಕ್ಕೊರಗಿದರೂ ಮರದೊಳಗೆ ಬಿಗಿತ ಉಳಿದಿರುತ್ತದೆ. ಬಾಗಿದ ಕಾಂಡದ ಒಳಬದಿ ಒತ್ತಿಕೊಂಡಿರುತ್ತದೆ, ಹೊರಬದಿ ಎಳೆದುಕೊಂಡಿರುತ್ತದೆ. ಮೊದಲು ಒಳಬದಿಯಲ್ಲಿ ಸ್ವಲ್ಪವೇ ಕೊಯ್ದು, ಪಕ್ಕಕ್ಕೆ ನಿಂತು ಹೊರಬದಿಯಿಂದ ಮುಗಿಸಬೇಕು. ತಿರುವುಮುರುವಾದರೆ ಕಾಂಡ ಸೀಳಿ ಚಿಮ್ಮುತ್ತದೆ. ಬುಡ ಕೊಯ್ದಾಗ ಎದ್ದ ಬೇರುಗಡ್ಡೆ ಗುಂಡಿಗೆ ವಾಪಸು ಬೀಳಬಹುದು, ಅಲ್ಲಿ ಯಾರೂ ನಿಲ್ಲಬಾರದು. ತಂತಿ ತಗುಲಿದ್ದರೆ ಮೆಸ್ಕಾಂನವರು ಲೈನ್ ಆಫ್ ಮಾಡುವವರೆಗೆ ಹತ್ತಿರ ಸುಳಿಯಬೇಡಿ.

ತಡವಾದರೆ ಅಡಿಯ ಕಾಫಿ ಗಿಡ ನಲುಗುತ್ತದೆಂಬ ಮಾತು ನಿಜವೇ. ಅದಕ್ಕೆ ಸಣ್ಣ ರೆಂಬೆಗಳನ್ನು ಕತ್ತಿಯಿಂದ ಬಿಡಿಸಿದರೆ ಸದ್ಯಕ್ಕೆ ಸಾಕು. ಮುರಿದ ಕಾಫಿ ಬುಡದಿಂದ ಮತ್ತೆ ಚಿಗುರುತ್ತದೆ, ಮುರಿದ ಬೆನ್ನು ಚಿಗುರದು. ಸೌದೆಗೂ ಅವಸರವಿಲ್ಲ: ಹಸಿ ಮರ ಒಲೆಯಲ್ಲಿ ಹೊಗೆಯನ್ನೇ ಕೊಡುತ್ತದೆ. ಸೀಳಿ, ನೆಲದಿಂದ ಎತ್ತರಿಸಿ, ಗಾಳಿಯಾಡುವ ಸೂರಿನಡಿ ಒಟ್ಟಿ, ಬೇಸಿಗೆ ಕಳೆಯುವವರೆಗೆ ಒಣಗಲು ಬಿಡಿ. ಬಿದ್ದದ್ದು ಬೀಟೆಯಾದರೆ ಮಾತ್ರ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಮುಟ್ಟಲೇಬೇಡಿ.