ಕ್ರಮವಿಧಿ ರಚನೆಗೆ ಪೂರ್ವಸಿದ್ಧತೆ

ಗಣಕಯಂತ್ರವು ಮಾಡಬೇಕಾದ ಕೆಲಸವನ್ನು ಹಂತಹಂತವಾಗಿ ತಿಳಿಸುವ ಆದೇಶಗಳ ಸರಣಿಯೇ ಕ್ರಮವಿಧಿ, ಅಂದರೆ ಪ್ರೋಗ್ರಾಂ. ಇದನ್ನು ಕಲಿಯಹೊರಟವರು ಮೊದಲ ಆದೇಶವನ್ನು ಬರೆಯುವ ಮುನ್ನವೇ ಸಿದ್ಧತೆಯ ತೊಡಕುಗಳಿಂದ ಬೇಸತ್ತು ಹಿಂದೆ ಸರಿಯುವುದುಂಟು. ಆದುದರಿಂದ ಈ ಸಿದ್ಧತೆಯ ಸ್ವರೂಪವನ್ನು ಅರಿತಿರುವುದು ಅವಶ್ಯಕ.

ಬೇಕಾಗುವ ಸಾಧನಗಳು

ಆದೇಶಗಳನ್ನು ಬರೆಯಲು ಒಂದು ಎಡಿಟರ್, ಅವುಗಳನ್ನು ಓದಿ ನಡೆಸಲು ಒಂದು ಇಂಟರ್‌ಪ್ರಿಟರ್, ಕಡತಗಳನ್ನಿಡಲು ಒಂದು ಫೋಲ್ಡರ್ ಇದ್ದರೆ ಸಾಕು. ನೆದರ್‌ಲೆಂಡ್ಸ್‌ನ ಗೀಡೊ ವಾನ್ ರೋಸಮ್ ಅವರು 1991ರಲ್ಲಿ ಬಿಡುಗಡೆ ಮಾಡಿದ ಪೈಥಾನ್ ಭಾಷೆ ಹೊಸಬರಿಗೆ ಸುಲಭವಾದುದು. ಅದು ಉಚಿತವಾಗಿ ದೊರೆಯುತ್ತದೆ. ವಿಂಡೋಸ್ ಗಣಕಯಂತ್ರಗಳಲ್ಲಿ ಅದರೊಡನೆ ‘ಐಡಲ್’ ಎಂಬ ಎಡಿಟರ್ ಕೂಡ ಬರುತ್ತದೆ. ಪತ್ರ ಬರೆಯಲು ಬಳಸುವ ವರ್ಡ್‌ನಂತಹ ತಂತ್ರಾಂಶ ಇದಕ್ಕೆ ತಕ್ಕುದಲ್ಲ. ಅದು ಅಕ್ಷರಗಳೊಂದಿಗೆ ವಿನ್ಯಾಸದ ಗುರುತುಗಳನ್ನೂ ಸೇರಿಸಿಬಿಡುತ್ತದೆ.

ವಿಳಾಸದ ಮಹತ್ವ

ಠಾಣೆ ಜಿಲ್ಲೆಯ ಕಲ್ಯಾಣ–ಕರ್ಜತ್ ರೈಲುಮಾರ್ಗದಲ್ಲಿ ಕಲ್ಯಾಣದ ಮುಂದಿನ ನಿಲ್ದಾಣ ವಿಠ್ಠಲವಾಡಿ. ಪುಣೆಯಲ್ಲಿಯೂ ಇದೇ ಹೆಸರಿನ ಪ್ರದೇಶವಿದೆ. ಬರಿಯ ಊರ ಹೆಸರನ್ನು ಬರೆದ ಕಾಗದ ಎಲ್ಲಿಗೆ ಹೋಗಬೇಕು? ಇಂತಹ ಗೊಂದಲವನ್ನು ನಿವಾರಿಸಲೆಂದೇ ಅಂಚೆ ಇಲಾಖೆಯು 1972ರ ಆಗಸ್ಟ್ 15ರಂದು ಪಿನ್ ಕೋಡ್ ಪದ್ಧತಿಯನ್ನು ಜಾರಿಗೆ ತಂದಿತು.

ಗಣಕಯಂತ್ರದಲ್ಲಿ ‘ಪಾತ್’ ಎಂಬುದು ಇಂತಹುದೇ ವಿಳಾಸಪಟ್ಟಿ. ಆದೇಶದ ಕಿಟಕಿಯಲ್ಲಿ ಪೈಥಾನ್‌ನ ಹೆಸರನ್ನು ಟೈಪ್ ಮಾಡಿದಾಗ ಯಂತ್ರವು ಆ ಪಟ್ಟಿಯಲ್ಲಿನ ಫೋಲ್ಡರ್‌ಗಳನ್ನು ಒಂದೊಂದಾಗಿ ಹುಡುಕುತ್ತದೆ. ಪಟ್ಟಿಯಲ್ಲಿ ಪೈಥಾನ್‌ನ ಫೋಲ್ಡರ್ ಇಲ್ಲದಿದ್ದರೆ, ಅದನ್ನು ಸ್ಥಾಪಿಸಿದ್ದರೂ ಅಂತಹ ಆದೇಶವಿಲ್ಲವೆಂಬ ಉತ್ತರ ಬರುತ್ತದೆ. ಇದು ಕಲಿಯುವವನ ಅಸಾಮರ್ಥ್ಯದ ಸೂಚನೆಯಲ್ಲ, ಯಂತ್ರವೂ ಕೆಟ್ಟಿರುವುದಿಲ್ಲ. ವಿಳಾಸ ಮಾತ್ರ ದಾಖಲಾಗಿಲ್ಲ. ಸ್ಥಾಪಿಸುವಾಗ ಪಾತ್‌ಗೆ ಸೇರಿಸುವ ಆಯ್ಕೆ ಕಂಡುಬಂದಲ್ಲಿ ಅದನ್ನು ಗುರುತು ಮಾಡುವುದರಿಂದ ಈ ತೊಂದರೆ ತಪ್ಪುತ್ತದೆ.

ಒಂದೇ ಹೆಸರಿನಿಂದ ಇನ್ನೊಂದು ತೊಡಕೂ ಉಂಟು. ಪೈಥಾನ್‌ನಲ್ಲಿ ‘ರ್‍ಯಾಂಡಮ್’ ಎಂಬ ಸಿದ್ಧ ಭಾಗವಿದೆ. ಕಲಿಯುವವನು ತನ್ನ ಕಡತಕ್ಕೂ ಅದೇ ಹೆಸರಿಟ್ಟರೆ, ಯಂತ್ರವು ಸಮೀಪದಲ್ಲಿರುವ ಆ ಕಡತವನ್ನೇ ಮೊದಲು ಎತ್ತಿಕೊಳ್ಳುತ್ತದೆ.

ಪರೀಕ್ಷೆ

ಸಿದ್ಧತೆ ಮುಗಿದೊಡನೆ ಐಡಲ್‌ನಲ್ಲಿ ‘ಪ್ರಿಂಟ್’ ಆದೇಶವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಆವರಣದೊಳಗೆ ಉದ್ಧರಣ ಚಿಹ್ನೆಗಳ ನಡುವೆ ‘ನಮಸ್ಕಾರ’ ಎಂಬ ಪದವನ್ನು ಕನ್ನಡದಲ್ಲಿಯೇ ಇಟ್ಟು ನೋಡಬಹುದು. 2008ರಲ್ಲಿ ಬಂದ ಪೈಥಾನ್ 3ರಿಂದೀಚೆಗೆ ಕನ್ನಡ ಲಿಪಿಯ ಬಳಕೆ ಸರಳವಾಗಿದೆ. ಆ ಪದ ತೆರೆಯ ಮೇಲೆ ಮೂಡಿದರೆ ಎಡಿಟರ್ ಮತ್ತು ಇಂಟರ್‌ಪ್ರಿಟರ್ ಎರಡೂ ಸರಿಯಾಗಿವೆಯೆಂದು ತಿಳಿಯಬೇಕು. ನಿಜವಾದ ಕಲಿಕೆ ಅಲ್ಲಿಂದ ಆರಂಭವಾಗುತ್ತದೆ.