ನಾಲ್ವರಲ್ಲಿ ಇಬ್ಬರು ಕೊಲೆಯಾದರೆ ಉಳಿದಿಬ್ಬರೇ ಕೊಲೆಗಾರರೇ?

ಪ್ರಶ್ನೆ: ನೋಯ್ಡಾದ ಆರುಷಿ ಕೊಲೆ ಪ್ರಕರಣದ ಮಾತು ಬಂದರೆ ನಮ್ಮ ಮನೆಯಲ್ಲಿ ಇವತ್ತಿಗೂ ಎರಡು ಪಕ್ಷ. ಮನೆಯೊಳಗಿದ್ದವರು ನಾಲ್ವರು, ಅವರಲ್ಲಿ ಇಬ್ಬರ ಕೊಲೆಯಾಯಿತು. ಅಂದ ಮೇಲೆ ಉಳಿದ ಇಬ್ಬರಲ್ಲದೆ ಇನ್ಯಾರು ಎಂಬುದು ನನ್ನ ವಾದ. ಹೈಕೋರ್ಟೇ ಬಿಟ್ಟಿದೆಯಲ್ಲ ಎನ್ನುತ್ತಾಳೆ ಮಗಳು. ‘ಸಂಶಯದ ಲಾಭ’ ಕೊಟ್ಟು ಬಿಡುವುದೆಂದರೆ ತಪ್ಪಿತಸ್ಥರು ಪಾರಾದರು ಎಂದೇ ಅಲ್ಲವೇ? ಕೊನೆಗೂ ತಂದೆ-ತಾಯಿ ಮಾಡಿದರೋ ಇಲ್ಲವೋ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನೀವು ಕೇಳಿರುವುದು ಎರಡು ಪ್ರಶ್ನೆ. ಮಾಡಿದರೋ ಇಲ್ಲವೋ ಎಂಬುದು ಒಂದು. ಮಾಡಿದರೆಂದು ಸಾಬೀತಾಯಿತೋ ಇಲ್ಲವೋ ಎಂಬುದು ಇನ್ನೊಂದು. ಎರಡನೆಯದಕ್ಕೆ ಖಚಿತ ಉತ್ತರವಿದೆ: ಸಾಬೀತಾಗಲಿಲ್ಲ. ಮೊದಲನೆಯದಕ್ಕೆ ಉತ್ತರ ಹೇಳಬಹುದಾಗಿದ್ದ ಸಾಕ್ಷ್ಯ ಬಹುಪಾಲು ಮೊದಲ ದಿನವೇ ಹಾಳಾಯಿತು. ಮನೆಮನೆಯಲ್ಲಿ ನಡೆಯುವ ಈ ಜಗಳ ಇಂದಿಗೂ ಮುಗಿಯದಿರುವುದಕ್ಕೆ ಕಾರಣ ಅಲ್ಲಿದೆ.

2008ರ ಮೇ 16ರ ಬೆಳಿಗ್ಗೆ. ನೋಯ್ಡಾ ಸೆಕ್ಟರ್ 25ರ ಜಲವಾಯು ವಿಹಾರದ ಫ್ಲ್ಯಾಟಿನಲ್ಲಿ, ದಂತವೈದ್ಯ ದಂಪತಿ ರಾಜೇಶ್ ಮತ್ತು ನೂಪುರ್ ತಲ್ವಾರ್ ಅವರ ಒಬ್ಬಳೇ ಮಗಳು ಆರುಷಿ ತನ್ನ ಕೋಣೆಯಲ್ಲಿ ಹೆಣವಾಗಿ ಬಿದ್ದಿದ್ದಳು. ಅವಳಿಗೆ 14 ತುಂಬಲು ಕೆಲವೇ ದಿನ ಬಾಕಿಯಿತ್ತು. ಮನೆಯಲ್ಲೇ ಇದ್ದು ಕೆಲಸ ಮಾಡುತ್ತಿದ್ದ ನೇಪಾಳದ ಹೇಮರಾಜ್ ಕಾಣಿಸಲಿಲ್ಲ. ಅವನೇ ಕೊಂದು ಓಡಿಹೋದ ಎಂದು ಪೊಲೀಸರು ತೀರ್ಮಾನಿಸಿಬಿಟ್ಟರು. ಟೆರೇಸಿನ ಬಾಗಿಲ ಬಳಿ ರಕ್ತದ ಕಲೆಗಳಿದ್ದವು. ಬಾಗಿಲಿಗೆ ಬೀಗ ಹಾಕಿತ್ತು, ಕೀಲಿ ಸಿಗಲಿಲ್ಲ. ಬೀಗ ಒಡೆದು ನೋಡಲು ಎಷ್ಟು ಹೊತ್ತು ಬೇಕು? ಯಾರೂ ಒಡೆಯಲಿಲ್ಲ. ಮಾರನೆಯ ದಿನ ಆ ಬಾಗಿಲು ತೆರೆದಾಗ ಅದೇ ಟೆರೇಸಿನಲ್ಲಿ ಹೇಮರಾಜನ ಶವವಿತ್ತು. ಆ ಹೊತ್ತಿಗೆ ನೆಂಟರು, ನೆರೆಯವರು, ಪೊಲೀಸರು, ಕ್ಯಾಮೆರಾದವರು ಎಲ್ಲರೂ ಮನೆಯೊಳಗೆಲ್ಲ ಓಡಾಡಿ ಆಗಿತ್ತು. ಮಗುವಿನ ಅಂತ್ಯಕ್ರಿಯೆಯೂ ಮುಗಿದಿತ್ತು.

ಕೊಲೆ ನಡೆದ ಮನೆಯನ್ನು ಮುಚ್ಚಿ, ಒಳಗೆ ಕಾಲಿಟ್ಟವರ ಹೆಸರು ಬರೆದಿಟ್ಟು, ಬೆರಳಚ್ಚು ತೆಗೆದು, ರಕ್ತದ ಒಂದೊಂದು ಕಲೆಗೂ ಸಂಖ್ಯೆ ಕೊಟ್ಟು ಮಹಜರು ಮಾಡಬೇಕಿದ್ದ ದಿನವದು. ಅದು ಹಾಗೆ ಕೈತಪ್ಪಿದ ಮೇಲೆ ತನಿಖಾಧಿಕಾರಿಗಳ ಕೈಯಲ್ಲಿ ಉಳಿದದ್ದು ಊಹೆ. ಒಬ್ಬೊಬ್ಬರ ಊಹೆಗೂ ಒಬ್ಬೊಬ್ಬ ಅಪರಾಧಿ ಸಿಕ್ಕ.

ಮೊದಲು ಹೇಮರಾಜ್. ಅವನ ಹೆಣ ಸಿಕ್ಕ ಮೇಲೆ, ಮೇ 23ರಂದು, ತಂದೆ ರಾಜೇಶ್ ಬಂಧನ. ಉತ್ತರ ಪ್ರದೇಶದ ಹಿರಿಯ ಪೊಲೀಸ್ ಅಧಿಕಾರಿಯೊಬ್ಬರು ಪತ್ರಿಕಾಗೋಷ್ಠಿಯಲ್ಲಿ ಸತ್ತ ಹುಡುಗಿಯ ನಡತೆಯ ಬಗ್ಗೆಯೇ ಮಾತಾಡಿದರು. ಸತ್ತ ಮಗುವಿಗೆ ಎದುರು ಮಾತಾಡುವ ಬಾಯಿ ಇಲ್ಲ. ಆ ಪತ್ರಿಕಾಗೋಷ್ಠಿಯ ಮಾತು ಸಾಕ್ಷ್ಯವಾಗಿ ಎಲ್ಲೂ ನಿಲ್ಲಲಿಲ್ಲ, ಆದರೆ ಜನರ ಮನಸ್ಸಿನಿಂದ ಇನ್ನೂ ಹೋಗಿಲ್ಲ. ನಿಮ್ಮ ಮನೆಯ ವಾದದಲ್ಲಿ ಅದು ಬಂದಿದ್ದರೆ ಮೊದಲು ಅದನ್ನು ಹೊರಗೆ ಹಾಕಿ.

ಜೂನ್ ಹೊತ್ತಿಗೆ ಪ್ರಕರಣ ಸಿಬಿಐ ಕೈಗೆ ಬಂತು. ಮೊದಲ ತಂಡ ಮೂವರು ಕೆಲಸಗಾರರನ್ನು ಹಿಡಿಯಿತು. ಅವರಲ್ಲೊಬ್ಬ ತಲ್ವಾರರ ಕ್ಲಿನಿಕ್‌ನ ಸಹಾಯಕ. ಅವನನ್ನು ನಮ್ಮ ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕರೆತಂದು ಮಂಪರು ಪರೀಕ್ಷೆಗೆ ಒಳಪಡಿಸಲಾಯಿತು. ಅದರ ದೃಶ್ಯಗಳು ಟಿವಿಯಲ್ಲಿ ಬಂದವು. ಅರೆಪ್ರಜ್ಞೆಯಲ್ಲಿ ತೊದಲಿದ ಮಾತು ದೇಶಕ್ಕೆಲ್ಲ ತಪ್ಪೊಪ್ಪಿಗೆಯಂತೆ ಕೇಳಿಸಿತು. ಆದರೆ ಆ ಮೂವರ ಮೇಲೆ ದೋಷಾರೋಪ ಪಟ್ಟಿ ಬರಲೇ ಇಲ್ಲ. ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ ಮಾಡುವುದು ಸಂವಿಧಾನದ 20(3)ನೇ ವಿಧಿಗೆ ವಿರುದ್ಧ ಎಂದು 2010ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಆ ತೀರ್ಪು ಬಂದದ್ದು ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಮೊಕದ್ದಮೆಯಲ್ಲಿ.

ಸಿಬಿಐನ ಎರಡನೆಯ ತಂಡಕ್ಕೆ ಮತ್ತೆ ಅನುಮಾನ ಬಂದದ್ದು ತಂದೆ-ತಾಯಿಯ ಮೇಲೆ. ಆದರೂ 2010ರ ಡಿಸೆಂಬರ್‌ನಲ್ಲಿ ಅದು ಕೋರ್ಟಿಗೆ ಕೊಟ್ಟದ್ದು, ನಮ್ಮಲ್ಲಿ ಬಿ ರಿಪೋರ್ಟ್ ಎನ್ನುತ್ತೇವಲ್ಲ, ಅಂಥ ಮುಕ್ತಾಯ ವರದಿ. ತಂದೆಯ ಮೇಲೆ ಶಂಕೆಯಿದೆ, ಆದರೆ ಸಾಕ್ಷ್ಯ ಸಾಲದು ಎಂಬುದು ಅದರ ಸಾರ. ಆರುಷಿಯ ಹಾಸಿಗೆ, ದಿಂಬಿನ ಮೇಲೆ ಹೇಮರಾಜನ ರಕ್ತವಿಲ್ಲ, ಅವನನ್ನು ಆ ಕೋಣೆಯಲ್ಲಿ ಕೊಂದರೆಂಬುದಕ್ಕೆ ಪುರಾವೆಯಿಲ್ಲ ಎಂದು ಅದೇ ವರದಿಯಲ್ಲಿ ಬರೆದಿತ್ತು. ಗಾಜಿಯಾಬಾದಿನ ಮ್ಯಾಜಿಸ್ಟ್ರೇಟರು 2011ರ ಫೆಬ್ರವರಿಯಲ್ಲಿ ವರದಿಯನ್ನು ತಿರಸ್ಕರಿಸಿ, ತಂದೆ-ತಾಯಿ ಇಬ್ಬರನ್ನೂ ಆರೋಪಿಗಳೆಂದು ಕರೆಸಿದರು. ಸಾಕ್ಷ್ಯ ಸಾಲದು ಎಂದಿದ್ದ ಸಂಸ್ಥೆಯೇ ಇವರೇ ಕೊಂದರು ಎಂದು ವಾದಿಸಬೇಕಾಯಿತು. 2013ರ ನವೆಂಬರ್‌ನಲ್ಲಿ ವಿಶೇಷ ನ್ಯಾಯಾಲಯ ಇಬ್ಬರಿಗೂ ಜೀವಾವಧಿ ಶಿಕ್ಷೆ ಕೊಟ್ಟಿತು. 2017ರ ಅಕ್ಟೋಬರ್ 12ರಂದು ಅಲಹಾಬಾದ್ ಹೈಕೋರ್ಟ್ ಇಬ್ಬರನ್ನೂ ಖುಲಾಸೆ ಮಾಡಿತು.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ಅದು ಹುರುಳಿಲ್ಲದ ವಾದವಲ್ಲ. ವಿಶೇಷ ನ್ಯಾಯಾಲಯದ ತೀರ್ಪಿನ ಬೆನ್ನೆಲುಬೇ ಅದು. ಹೊರಗಿನವರು ಬಾಗಿಲು ಮುರಿದು ನುಗ್ಗಿದ ಗುರುತಿರಲಿಲ್ಲ. ಆರುಷಿಯ ಕೋಣೆಯ ಬಾಗಿಲು ಎಳೆದರೆ ತಾನೇ ಬೀಗ ಬೀಳುವಂಥದ್ದು, ಹೊರಗಿನಿಂದ ತೆರೆಯಲು ಕೀಲಿ ಬೇಕು. ತಂದೆ-ತಾಯಿ ಪಕ್ಕದ ಕೋಣೆಯಲ್ಲೇ ಮಲಗಿದ್ದರು, ಏನೂ ಕೇಳಿಸಲಿಲ್ಲ ಎಂದರು. ಇದನ್ನೆಲ್ಲ ಓದಿದ ಯಾರಿಗಾದರೂ ಅನುಮಾನ ಬರುವುದು ಸಹಜ.

ಕಾನೂನಿನಲ್ಲೂ ಇದಕ್ಕೊಂದು ಆಧಾರವಿದೆ. ಸಾಕ್ಷ್ಯ ಅಧಿನಿಯಮದ 106ನೇ ಕಲಮಿನ ಪ್ರಕಾರ ಒಬ್ಬನಿಗೆ ಮಾತ್ರ ವಿಶೇಷವಾಗಿ ಗೊತ್ತಿರುವ ಸಂಗತಿಯನ್ನು ಅವನೇ ವಿವರಿಸಬೇಕು. ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು 109ನೇ ಕಲಮು. ನಾಲ್ಕು ಗೋಡೆಗಳ ನಡುವೆ ಗಂಡನ ಮನೆಯಲ್ಲಿ ಸಾಯುವ ಹೆಣ್ಣುಮಕ್ಕಳ ಪ್ರಕರಣಗಳಲ್ಲಿ ಈ ಕಲಮು ಎಷ್ಟೋ ಸಲ ನ್ಯಾಯ ಕೊಡಿಸಿದೆ. ಆದರೆ ಅದಕ್ಕೊಂದು ಮಿತಿಯಿದೆ. ಮನೆಯೊಳಗೆ ಬೇರೆ ಯಾರೂ ಬಂದಿರಲು ಸಾಧ್ಯವೇ ಇರಲಿಲ್ಲ ಎಂಬುದನ್ನು ಮೊದಲು ಸರ್ಕಾರಿ ವಕೀಲರು ತೋರಿಸಬೇಕು. ಆಮೇಲೆ ವಿವರಣೆ ಕೊಡುವ ಹೊಣೆ ಮನೆಯವರದ್ದು.

ನಾಲ್ಕರಲ್ಲಿ ಎರಡು ಕಳೆದರೆ ಎರಡು ಎಂಬ ಲೆಕ್ಕ ತಪ್ಪುವುದು ಇಲ್ಲೇ. ಆ ರಾತ್ರಿ ಮನೆಯಲ್ಲಿದ್ದವರು ನಾಲ್ವರೇ ಎಂಬುದು ಸಾಬೀತಾಗಬೇಕಿದ್ದ ಸಂಗತಿ. ಅದನ್ನು ಮೊದಲೇ ಒಪ್ಪಿಕೊಂಡು ಲೆಕ್ಕ ಶುರುಮಾಡಿದರೆ ಉತ್ತರ ಬೇಕಾದ ಹಾಗೆ ಬರುತ್ತದೆ. ಹೇಮರಾಜನ ಕೋಣೆಗೆ ಎರಡು ಬಾಗಿಲಿದ್ದವು, ಒಂದು ಮನೆಯೊಳಕ್ಕೆ, ಇನ್ನೊಂದು ಹೊರಗಿನ ಓಣಿಯ ಕಡೆಗೆ. ಅವನು ಬಾಗಿಲು ತೆಗೆದರೆ ಮುರಿಯುವ ಅಗತ್ಯವೇ ಇಲ್ಲದೆ ಹೊರಗಿನವರು ಒಳಗೆ ಬರಬಹುದಿತ್ತು. ಹೊರಗಿನ ಬಾಗಿಲಿಗೆ ಆ ಬೆಳಿಗ್ಗೆ ಚಿಲಕ ಹೇಗೆ ಹಾಕಿತ್ತು ಎಂಬುದಕ್ಕೆ ಮುಖ್ಯ ಸಾಕ್ಷಿ ಮನೆಗೆಲಸಕ್ಕೆ ಬಂದಿದ್ದ ಹೆಂಗಸು. ತನಗೆ ಹೇಳಿಕೊಟ್ಟದ್ದನ್ನೇ ಹೇಳುತ್ತಿರುವುದಾಗಿ ಆಕೆಯೇ ಕಟಕಟೆಯಲ್ಲಿ ಹೇಳಿದಳು. ಅಂಥ ಮಾತಿನ ಮೇಲೆ ಇಬ್ಬರನ್ನು ಜೀವಮಾನವಿಡೀ ಜೈಲಿನಲ್ಲಿಡಲು ಆಗುತ್ತದೆಯೇ?

ಉಳಿದ ಕೊಂಡಿಗಳೂ ಹೀಗೆಯೇ. ಗಾಲ್ಫ್ ಕೋಲಿನಿಂದ ಹೊಡೆದರು, ಶಸ್ತ್ರಚಿಕಿತ್ಸೆಯ ಚಾಕುವಿನಿಂದ ಕುಯ್ದರು ಎಂಬುದು ವಾದ. ಕೋಲಿನ ಮೇಲೆ ರಕ್ತ ಸಿಗಲಿಲ್ಲ, ಚಾಕು ಸಿಗಲೇ ಇಲ್ಲ. ಹೇಮರಾಜನನ್ನು ಆರುಷಿಯ ಕೋಣೆಯಲ್ಲಿ ಕೊಂದು ಟೆರೇಸಿಗೆ ಎಳೆದೊಯ್ದರು ಎಂಬುದು ಇನ್ನೊಂದು ವಾದ. ಆ ಕೋಣೆಯ ಹಾಸಿಗೆಯಲ್ಲಿ ಅವನ ರಕ್ತವಿಲ್ಲ. ಮರಣೋತ್ತರ ಪರೀಕ್ಷೆ ಮಾಡಿದ ವೈದ್ಯರ ವರದಿಯಲ್ಲಿ ಇಲ್ಲದ ಮಾತು ತಿಂಗಳುಗಳ ನಂತರದ ಹೇಳಿಕೆಗಳಲ್ಲಿ ಸೇರಿಕೊಂಡಿತು.

ಇನ್ನು ದಿಂಬಿನ ಚೀಲದ ಸಂಗತಿ. ಕ್ಲಿನಿಕ್‌ನ ಸಹಾಯಕನ ಕೋಣೆಯಿಂದ ವಶಪಡಿಸಿಕೊಂಡ ನೇರಳೆ ಬಣ್ಣದ ದಿಂಬಿನ ಚೀಲದ ಮೇಲೆ ಹೇಮರಾಜನ ರಕ್ತವಿದೆ ಎಂದು ಹೈದರಾಬಾದಿನ ಡಿಎನ್ಎ ಪ್ರಯೋಗಾಲಯದ ವರದಿಯಲ್ಲಿತ್ತು. ಅದು ಎರಡು ವರ್ಷಕ್ಕೂ ಹೆಚ್ಚು ಕಾಲ ಕಡತದಲ್ಲಿದ್ದರೂ ಯಾರ ಗಮನಕ್ಕೂ ಬರಲಿಲ್ಲ. ತಲ್ವಾರರ ವಕೀಲರು ಎತ್ತಿ ತೋರಿಸಿದಾಗ, ಅದು ಟೈಪಿಂಗ್ ತಪ್ಪು, ಎರಡು ವಸ್ತುಗಳ ವಿವರ ಅದಲುಬದಲಾಗಿದೆ ಎಂದು ಸಿಬಿಐ ಹೇಳಿತು. ಹೈಕೋರ್ಟ್ ಆ ವಿವರಣೆಯನ್ನು ಒಪ್ಪಲಿಲ್ಲ. ಆ ಸಹಾಯಕನೇ ಕೊಂದ ಎಂಬುದಕ್ಕೆ ಇದು ರುಜುವಾತಲ್ಲ. ಅವನ ಮೇಲೆ ವಿಚಾರಣೆಯೇ ನಡೆದಿಲ್ಲ, ಅವನೂ ಕಾನೂನಿನ ಕಣ್ಣಿನಲ್ಲಿ ನಿರಪರಾಧಿ. ಆದರೆ ಹೊರಗಿನವರು ಯಾರೂ ಇರಲಿಲ್ಲ ಎಂದು ಆಣೆ ಮಾಡಿ ಹೇಳುವುದು ಇಂಥ ವರದಿ ಇರುವಾಗ ಸಾಧ್ಯವಿಲ್ಲ.

ಕಣ್ಣಾರೆ ಕಂಡವರಿಲ್ಲದ, ಬರೀ ಸಾಂದರ್ಭಿಕ ಸಾಕ್ಷ್ಯದ ಪ್ರಕರಣಗಳಿಗೆ ಸುಪ್ರೀಂ ಕೋರ್ಟ್ 1984ರಲ್ಲಿ ಶರದ್ ಬಿರ್ದಿಚಂದ್ ಸಾರ್ದಾ ಮೊಕದ್ದಮೆಯಲ್ಲಿ ಐದು ಸೂತ್ರ ಹಾಕಿಕೊಟ್ಟಿದೆ. ಅದರ ತಿರುಳು ಇಷ್ಟು: ಒಂದೊಂದು ಸಂಗತಿಯೂ ಪೂರ್ತಿ ಸಾಬೀತಾಗಬೇಕು, ಎಲ್ಲವೂ ಸೇರಿ ಸರಪಳಿಯಾಗಬೇಕು, ಆ ಸರಪಳಿ ಆರೋಪಿಯತ್ತ ಬಿಟ್ಟು ಬೇರೆ ಯಾರತ್ತಲೂ ಹೋಗಬಾರದು. ‘ಮಾಡಿರಬಹುದು’ ಎಂಬಲ್ಲಿಗೆ ನಿಂತರೆ ಸಾಲದು, ‘ಮಾಡಿರಲೇಬೇಕು’ ಎಂಬಲ್ಲಿಗೆ ಮುಟ್ಟಬೇಕು. ತಲ್ವಾರ್ ಪ್ರಕರಣ ‘ಇರಬಹುದು’ವಿನಲ್ಲೇ ನಿಂತಿತು. ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಲ್ಲಿ ಒಬ್ಬರು, ಕೆಳಗಿನ ನ್ಯಾಯಾಧೀಶರು ಗಣಿತದ ಮೇಷ್ಟ್ರ ಹಾಗೆ, ಸಿನಿಮಾ ನಿರ್ದೇಶಕರ ಹಾಗೆ ನಡೆದುಕೊಂಡರೆಂದು ಕಟುವಾಗಿಯೇ ಬರೆದರು. ಬಿಟ್ಟುಹೋದ ಜಾಗಗಳನ್ನು ಕಲ್ಪನೆಯಿಂದ ತುಂಬಿಸಿದ್ದಕ್ಕೆ ಬಂದ ಟೀಕೆ ಅದು.

ಹಾಗಾದರೆ ಸಂಶಯದ ಲಾಭವೆಂದರೆ ತಪ್ಪಿತಸ್ಥರನ್ನು ಬಿಡುವುದೇ? ಅಲ್ಲ. ಅದು ನ್ಯಾಯಾಲಯ ಕೈಯೆತ್ತಿ ಕೊಡುವ ದಾನವೂ ಅಲ್ಲ. ಸರ್ಕಾರ ತನ್ನ ಎಲ್ಲ ಬಲವನ್ನೂ ಹಾಕಿ ಒಬ್ಬ ಪ್ರಜೆಯ ಮೇಲೆ ಆರೋಪ ಹೊರಿಸಿದಾಗ, ಅದನ್ನು ರುಜುವಾತು ಮಾಡುವ ಹೊಣೆ ಸರ್ಕಾರದ್ದೇ. ಆ ಹೊಣೆಯಲ್ಲಿ ಸೋತಾಗ ಆರೋಪಿ ಮನೆಗೆ ಹೋಗುವುದು ಅವನ ಹಕ್ಕು. ಇದು ವೈದ್ಯ ದಂಪತಿಗೆ ಸಿಕ್ಕಷ್ಟೇ ಆ ಮೂವರು ಬಡ ಕೆಲಸಗಾರರಿಗೂ ಸಿಗಬೇಕು. ತಲ್ವಾರರ ಪರ ವಾದಿಸುವವರು ‘ಹಾಗಾದರೆ ಕೆಲಸದವರೇ ಮಾಡಿರಬೇಕು’ ಎಂದು ಥಟ್ಟನೆ ಹೇಳುವುದನ್ನು ಕೇಳಿದ್ದೇನೆ. ನಿಮ್ಮ ಮಗಳು ಹಾಗೆ ಹೇಳಿದರೆ ಅವಳನ್ನೂ ತಡೆಯಿರಿ. ಅದೂ ನಿಮ್ಮ ಲೆಕ್ಕದಂಥದ್ದೇ ಲೆಕ್ಕ.

ಖುಲಾಸೆಗೆ ವಿರುದ್ಧವಾಗಿ ಸಿಬಿಐ ಮತ್ತು ಹೇಮರಾಜನ ಹೆಂಡತಿ ಸಲ್ಲಿಸಿದ ಮೇಲ್ಮನವಿಗಳನ್ನು 2018ರಲ್ಲಿ ಸುಪ್ರೀಂ ಕೋರ್ಟ್ ವಿಚಾರಣೆಗೆ ಅಂಗೀಕರಿಸಿತು. ಆ ಹೆಣ್ಣುಮಗಳನ್ನು ನೆನೆಯಿರಿ. ದುಡಿಯಲು ಹೋದ ಗಂಡನನ್ನು ಮೊದಲು ಕೊಲೆಗಾರ ಎಂದರು, ಆಮೇಲೆ ಹೆಣ ಸಿಕ್ಕಿತು, ಆಮೇಲೆ ಅವನ ಹೆಸರಿಗೆ ಮಸಿ ಬಳಿದರು. ನಾವು ಇದನ್ನು ಆರುಷಿ ಪ್ರಕರಣ ಎನ್ನುತ್ತೇವೆ. ಕೊಲೆಯಾದವರು ಇಬ್ಬರು, ನ್ಯಾಯ ಸಿಗಬೇಕಾದ ಮನೆಗಳೂ ಎರಡು.

ವಾದ ಮಾಡಬೇಡಿ ಎಂದು ನಾನು ಹೇಳುವುದಿಲ್ಲ. ವಾದದ ಜಾಗ ಬದಲಾಯಿಸಿ ಎನ್ನುತ್ತೇನೆ. ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯಾಗಬಲ್ಲ ಅಪರಾಧ ನಡೆದ ಸ್ಥಳಕ್ಕೆ ವಿಧಿವಿಜ್ಞಾನ ತಜ್ಞರು ಬಂದು ಸಾಕ್ಷ್ಯ ಸಂಗ್ರಹಿಸಬೇಕು, ಅದನ್ನು ವಿಡಿಯೋ ಮಾಡಬೇಕು ಎಂದು 2024ರ ಜುಲೈನಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176ನೇ ಕಲಮು ಹೇಳುತ್ತದೆ. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದ ಕಾಲಾವಕಾಶ ಕೊಟ್ಟಿದ್ದಾರೆ. ನಮ್ಮ ಜಿಲ್ಲೆಯಲ್ಲಿ ಅಂಥ ತಜ್ಞರೆಷ್ಟು ಮಂದಿ ಇದ್ದಾರೆ, ಫೋನ್ ಮಾಡಿದರೆ ಎಷ್ಟು ಹೊತ್ತಿಗೆ ಬರುತ್ತಾರೆ, ಅವರು ಬರುವವರೆಗೆ ಬಾಗಿಲಲ್ಲಿ ಪೇದೆಯೊಬ್ಬ ನಿಂತು ಜನರನ್ನು ತಡೆಯುತ್ತಾನೆಯೇ? ನೀವೂ ನಿಮ್ಮ ಮಗಳೂ ಒಂದೇ ಪಕ್ಷದಲ್ಲಿ ನಿಂತು ಕೇಳಬಹುದಾದ ಪ್ರಶ್ನೆಗಳಿವು. ಮುಂದಿನ ಕೊಲೆಯ ಸತ್ಯ ಉಳಿಯುವುದೋ ಅಳಿಯುವುದೋ ಎಂಬುದು ಇವುಗಳ ಉತ್ತರದ ಮೇಲೆ ನಿಂತಿದೆ.