ಕರುಳಿನ ಬ್ಯಾಕ್ಟೀರಿಯಾಗೆ ಏನು ಬಡಿಸುತ್ತಿದ್ದೀರಿ?

ಬೊಜ್ಜು ಬಂದರೆ ಸಕ್ಕರೆ ಕಾಯಿಲೆ, ಬಿಪಿ, ಹೃದಯಾಘಾತ ಎಂದು ಎಲ್ಲರೂ ಎಚ್ಚರಿಸುತ್ತಾರೆ. ಕ್ಯಾನ್ಸರ್ ಹೆಸರು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ 2016ರಲ್ಲೇ ಬೊಜ್ಜಿಗೂ 13 ಬಗೆಯ ಕ್ಯಾನ್ಸರ್‌ಗೂ ನಂಟಿದೆ ಎಂದು ಹೇಳಿದೆ. ದೊಡ್ಡ ಕರುಳು, ಯಕೃತ್ತು, ಪಿತ್ತಕೋಶ, ಮೇದೋಜೀರಕ ಗ್ರಂಥಿ, ಗರ್ಭಕೋಶ, ಮುಟ್ಟು ನಿಂತ ಮೇಲೆ ಬರುವ ಸ್ತನ ಕ್ಯಾನ್ಸರ್ ಅದರಲ್ಲಿವೆ. ಕರ್ನಾಟಕದ ವಯಸ್ಕರಲ್ಲಿ ಹತ್ತಕ್ಕೆ ಸುಮಾರು ಮೂವರ ತೂಕ ಹೆಚ್ಚಾಗಿದೆ ಎಂದು 5ನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತಿಳಿಸಿರುವುದರಿಂದ ಇದು ನಮ್ಮ ಮನೆಯ ವಿಷಯವೂ ಹೌದು.

ಬೊಜ್ಜು ಕ್ಯಾನ್ಸರ್‌ಗೆ ದಾರಿ ಮಾಡಿಕೊಡುವುದು ಹೇಗೆ? ಇನ್ಸುಲಿನ್, ಹಾರ್ಮೋನುಗಳು, ಸದಾ ಒಳಗೊಳಗೇ ಇರುವ ಉರಿಯೂತ ಇವು ಹಳೆಯ ಉತ್ತರಗಳು. ಈಗ ಕರುಳಿನ ಬ್ಯಾಕ್ಟೀರಿಯಾಗಳೂ ಸೇರಿವೆ. ಜಿಡ್ಡು ಹೆಚ್ಚು ತಿಂದಾಗ ಅದನ್ನು ಅರಗಿಸಲು ಹೆಚ್ಚು ಪಿತ್ತರಸ ಬೇಕು. ಅದರ ಬಹುಪಾಲು ಸಣ್ಣ ಕರುಳಿನಿಂದಲೇ ಯಕೃತ್ತಿಗೆ ಮರಳುತ್ತದೆ. ಮಿಕ್ಕಿದ್ದು ದೊಡ್ಡ ಕರುಳಿಗೆ ಇಳಿದಾಗ ಅಲ್ಲಿನ ಕೆಲವು ಬ್ಯಾಕ್ಟೀರಿಯಾಗಳು ಅದನ್ನು ಡಿಯಾಕ್ಸಿಕೋಲಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ. ಇದು ಜೀವಕೋಶಗಳ ಡಿಎನ್‌ಎಗೆ ಹಾನಿ ಮಾಡಬಲ್ಲದು. ಬೊಜ್ಜಿನ ಇಲಿಗಳಲ್ಲಿ ಈ ಆಮ್ಲ ಹೆಚ್ಚಾಗಿ, ಯಕೃತ್ತಿನ ಕ್ಯಾನ್ಸರ್‌ಗೆ ಕುಮ್ಮಕ್ಕು ಕೊಡುತ್ತದೆ ಎಂದು ಜಪಾನಿನ ಎಯ್ಜಿ ಹಾರಾ ತಂಡ 2013ರಲ್ಲಿ ತೋರಿಸಿತು. ಇಲಿಯಲ್ಲಿ ಕಂಡದ್ದೆಲ್ಲ ಮನುಷ್ಯರಲ್ಲೂ ನಡೆದೇ ತೀರುತ್ತದೆ ಎನ್ನಲಾಗದು.

ಮನುಷ್ಯರ ಮೇಲೆ ನಡೆದ ಒಂದು ಪ್ರಯೋಗವೂ ಇದೆ, ನನಗೆ ಅದೇ ಹೆಚ್ಚು ಮುಖ್ಯ. ಅಮೆರಿಕದ ಕಪ್ಪು ಜನರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಬಹಳ, ದಕ್ಷಿಣ ಆಫ್ರಿಕಾದ ಹಳ್ಳಿಗರಲ್ಲಿ ತೀರಾ ವಿರಳ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಸ್ಟೀಫನ್ ಓ'ಕೀಫ್ ತಂಡ ಎರಡೂ ಕಡೆಯಿಂದ ತಲಾ 20 ಜನರನ್ನು ಆರಿಸಿ, ಎರಡು ವಾರ ಊಟ ಅದಲುಬದಲು ಮಾಡಿತು. 2015ರಲ್ಲಿ ಫಲಿತಾಂಶ ಪ್ರಕಟವಾಯಿತು. ನಾರು ಹೆಚ್ಚಿದ, ಜಿಡ್ಡು ಕಡಿಮೆಯಾದ ಊಟ ಉಂಡ ಅಮೆರಿಕನ್ನರ ಕರುಳಿನಲ್ಲಿ ಡಿಯಾಕ್ಸಿಕೋಲಿಕ್ ಆಮ್ಲದಂಥ ಹಾನಿಕರ ಪಿತ್ತಾಮ್ಲಗಳು ಗಣನೀಯವಾಗಿ ಇಳಿದವು, ಕರುಳಿನ ಒಳಪದರದ ಉರಿಯೂತ ತಗ್ಗಿತು. ಬ್ಯಾಕ್ಟೀರಿಯಾಗಳು ನಾರನ್ನು ಹುದುಗಿಸಿ ತಯಾರಿಸುವ, ಕರುಳಿನ ಕೋಶಗಳಿಗೆ ಆಹಾರವಾಗುವ ಬ್ಯುಟಿರೇಟ್ ಏರಿತು. ಅಮೆರಿಕದ ಊಟ ಉಂಡ ಹಳ್ಳಿಗರಲ್ಲಿ ಎಲ್ಲವೂ ತಿರುವುಮುರುವು. ಎರಡು ವಾರದಲ್ಲಿ ಕ್ಯಾನ್ಸರ್ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಆದರೆ ತಟ್ಟೆ ಬದಲಾದರೆ ಕರುಳು ಇಷ್ಟು ಬೇಗ ಬದಲಾಗುತ್ತದೆ ಎಂಬುದು ದೊಡ್ಡ ಭರವಸೆ.

ಮೊದಲು ಅಳೆಯಿರಿ

ತೂಕದ ಯಂತ್ರಕ್ಕಿಂತ ದರ್ಜಿಯ ಟೇಪು ಹೆಚ್ಚು ಹೇಳುತ್ತದೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ, ಸಹಜವಾಗಿ ಉಸಿರು ಬಿಟ್ಟು, ಹೊಟ್ಟೆ ಎಳೆದುಕೊಳ್ಳದೆ ಅಳೆಯಿರಿ. ನಮ್ಮ ದೇಶದ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಎಚ್ಚರಿಕೆ. ಎತ್ತರಕ್ಕೆ ತಕ್ಕ ತೂಕವನ್ನು ಹೇಳುವ ಬಿಎಂಐ 23 ದಾಟಿದರೆ ಅತಿತೂಕ, 25 ದಾಟಿದರೆ ಬೊಜ್ಜು. ತಿಂಗಳಿಗೊಮ್ಮೆ ಬರೆದಿಡಿ.

ನಾರು ಹೆಚ್ಚಿಸಿ, ನಿಧಾನವಾಗಿ

ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು, 400 ಗ್ರಾಂ ಹಣ್ಣು-ತರಕಾರಿ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮಗೆ ಇದು ಕಷ್ಟವೇ ಅಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ದಿನದ ಒಂದು ಊಟಕ್ಕೆ ಅನ್ನದ ಬದಲು ಮುದ್ದೆಯೋ ಜೋಳದ ರೊಟ್ಟಿಯೋ ಇರಲಿ. ಜೊತೆಗೆ ಹುರುಳಿ, ಅಲಸಂದೆ, ಹೆಸರುಕಾಳು. ಸೊಪ್ಪು-ಕಾಳಿನ ಬಸ್ಸಾರು, ಅದರ ಪಲ್ಯ ಎರಡೂ ತಟ್ಟೆಯಲ್ಲಿದ್ದರೆ ಬ್ಯಾಕ್ಟೀರಿಯಾಗಳಿಗೂ ಹಬ್ಬ.

ಒಂದೇ ದಿನ ಎಲ್ಲ ಬದಲಿಸಿದರೆ ಹೊಟ್ಟೆ ಉಬ್ಬರಿಸಿ, ಮೂರನೇ ದಿನಕ್ಕೆ ಕೈಬಿಡುತ್ತೀರಿ. ವಾರಕ್ಕೊಂದು ಬದಲಾವಣೆ ಸಾಕು, ನೀರು ಜಾಸ್ತಿ ಕುಡಿಯಿರಿ. ಮೂತ್ರಪಿಂಡದ ತೊಂದರೆ ಇರುವವರು, ಇನ್ಸುಲಿನ್ ತೆಗೆದುಕೊಳ್ಳುವವರು ಮೊದಲು ವೈದ್ಯರನ್ನು ಕೇಳಿ.

ಕರಿದದ್ದು, ಸಂಸ್ಕರಿಸಿದ್ದು, ಮದ್ಯ

ಬೋಂಡ, ಪೂರಿಯನ್ನು ಹಬ್ಬಕ್ಕೆ ಇಟ್ಟುಕೊಳ್ಳಿ. ಸಾಸೇಜ್, ಸಲಾಮಿಯಂಥ ಸಂಸ್ಕರಿಸಿದ ಮಾಂಸ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅದೇ ಅಂಗಸಂಸ್ಥೆ 2015ರಲ್ಲೇ ವರ್ಗೀಕರಿಸಿದೆ. ಮದ್ಯದಲ್ಲಿ ಸುರಕ್ಷಿತ ಪ್ರಮಾಣ ಎಂಬುದಿಲ್ಲ.

ಪುಡಿ, ಮಾತ್ರೆಗಳಿಗೆ ದುಡ್ಡು ಸುರಿಯಬೇಡಿ

'ಒಳ್ಳೆಯ ಬ್ಯಾಕ್ಟೀರಿಯಾ' ಎಂದು ಮಾರುವ ಪ್ರೋಬಯಾಟಿಕ್ ಮಾತ್ರೆಗಳು ಕ್ಯಾನ್ಸರ್ ತಡೆಯುತ್ತವೆ ಎಂಬುದಕ್ಕೆ ಪುರಾವೆ ಇಲ್ಲ. ಮೊಸರು ತಿನ್ನಿ, ಮಜ್ಜಿಗೆ ಕುಡಿಯಿರಿ, ಒಳ್ಳೆಯದೇ; ಆದರೆ ಅದು ಔಷಧಿಯಲ್ಲ. ಇಡ್ಲಿ ಹಿಟ್ಟಿನ ಬ್ಯಾಕ್ಟೀರಿಯಾಗಳು ಬೇಯುವಾಗಲೇ ಬಹುತೇಕ ಸಾಯುತ್ತವೆ. ಇನ್ನೊಂದು ಮಾತು: ಹಾರಾ ಅವರ ಇಲಿಗಳಿಗೆ ಆ್ಯಂಟಿಬಯಾಟಿಕ್ ಕೊಟ್ಟಾಗ ಕ್ಯಾನ್ಸರ್ ಗಡ್ಡೆಗಳು ಕಡಿಮೆಯಾದದ್ದು ನಿಜ. ಅದನ್ನು ಓದಿ ಔಷಧಿ ಅಂಗಡಿಗೆ ಹೋಗಬೇಡಿ. ಆ್ಯಂಟಿಬಯಾಟಿಕ್ ನಮಗೆ ಬೇಕಾದ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ವೈದ್ಯರು ಬರೆದುಕೊಟ್ಟರಷ್ಟೇ ತೆಗೆದುಕೊಳ್ಳಿ.

ಊಟದ ಬದಲಾವಣೆಯ ಜೊತೆಗೆ ವಾರಕ್ಕೆ 150 ನಿಮಿಷ ಬಿರುಸು ನಡಿಗೆಯೂ ಇರಲಿ.

ಈ ಲಕ್ಷಣಗಳಿದ್ದರೆ ಊಟ ಬದಲಿಸಿ ಕಾಯಬೇಡಿ

ಮಲದಲ್ಲಿ ರಕ್ತ, ವಾರಗಟ್ಟಲೆ ಬದಲಾದ ಮಲವಿಸರ್ಜನೆಯ ರೀತಿ, ಕಾರಣವಿಲ್ಲದೆ ಇಳಿಯುವ ತೂಕ, ವಾಸಿಯಾಗದ ರಕ್ತಹೀನತೆ, ಮುಟ್ಟು ನಿಂತ ಮೇಲೆ ಮತ್ತೆ ರಕ್ತಸ್ರಾವ. ಇವುಗಳಲ್ಲಿ ಒಂದು ಕಂಡರೂ ಪರೀಕ್ಷೆ ಮಾಡಿಸಿಕೊಳ್ಳಿ. ರಕ್ತ ಕಂಡ ಕೂಡಲೇ ಮೂಲವ್ಯಾಧಿ ಎಂದು ನಾವೇ ತೀರ್ಮಾನಿಸಿ ನಾಟಿ ಔಷಧಿ ಹಿಡಿದು ಕೂರುವುದರಿಂದ ಅಮೂಲ್ಯ ತಿಂಗಳುಗಳು ಕಳೆದುಹೋಗುತ್ತವೆ. ಮನೆಯ ಹಿರಿಯರು ನಾಚಿಕೆಯಿಂದ ಇದನ್ನು ಬಾಯಿಬಿಡುವುದಿಲ್ಲ; ನೀವಾಗಿಯೇ ಕೇಳಿ, ಜೊತೆಗೆ ಆಸ್ಪತ್ರೆಗೆ ಹೋಗಿ. ಬೇಗ ಪತ್ತೆಯಾದ ದೊಡ್ಡ ಕರುಳಿನ ಕ್ಯಾನ್ಸರನ್ನು ಗುಣಪಡಿಸಬಹುದು.